ಜೋಳ ಹೇರಿಕೊಂಡು ಸೈಕಲ್ ಮೇಲೆ ಗಿರಣಿಗೆ: ಧಾರವಾಡ, ಗದಗ, ಹಾವೇರಿ ಸುತ್ತಿ ಬಂದ ನಾಲ್ಕು ದಿನ

ಧಾರವಾಡ ಸೈಕಲ್

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಇಲ್ಲೇ ದಾರಿ ಕೇಳಿದ್ದೆ, ತುಂಬಾ ಜನ ಹೇಳಿದ್ರಿ. ಸಂಕ್ರಾಂತಿ ವಾರದಲ್ಲಿ ಹೋಗಿ ಬಂದೆ. ನಾಲ್ಕು ದಿನ, ಅಡ್ಡ ದಾರಿ ಎಲ್ಲ ಸೇರಿ ಸುಮಾರು 300 ಕಿ.ಮೀ. ಮೊದಲ ದಿನ ಹುಬ್ಬಳ್ಳಿ, ಅಣ್ಣಿಗೇರಿ ಮೇಲೆ ಗದಗ. ಮರುದಿನ ಶಿರಹಟ್ಟಿ, ಮಾಗಡಿ, ಲಕ್ಷ್ಮೇಶ್ವರ. ಮೂರನೇ ದಿನ ಸವಣೂರು ಮೇಲೆ ಹಾವೇರಿ. ಕೊನೆಗೆ ಬಂಕಾಪುರ, ಶಿಗ್ಗಾಂವಿ, ಹುಬ್ಬಳ್ಳಿ, ಮನೆ.

ಯಾಕೆ ಹೋದೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಓಣಿಯ ಗಿರಣಿ ಎರಡು ವರ್ಷದ ಹಿಂದೆ ಮುಚ್ಚಿತು. ಆಮೇಲೆ ದೂರದ ಇನ್ನೊಂದು ಗಿರಣಿಗೆ ಹಾಕಿಸುತ್ತಿದ್ದೇವೆ. ಅಲ್ಲಿ ಗೋಧಿ, ಕಡಲೆ, ಜೋಳ ಎಲ್ಲಾ ಒಂದೇ ಕಲ್ಲಿಗೆ. ಅವ್ವ ರೊಟ್ಟಿ ಬಡಿಯಲು ಕೂತರೆ ಅಂಚು ಹರಿಯುತ್ತದೆ, ಹಂಚಿಗೆ ಹಾಕುವಾಗ ನಡುವೆ ಬಿರುಕು. ಅರವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಅವ್ವ ಸುಮ್ನೆ ಕೂತು "ನನ್ನ ಕೈ ಹೋತೇನಪಾ" ಅಂತ ಒಂದು ದಿನ ಕೇಳಿದಳು. ಕೈ ಹೋಗಿರಲಿಲ್ಲ, ಹಿಟ್ಟು ಹೋಗಿತ್ತು. ಅವಳ ತವರು ಲಕ್ಷ್ಮೇಶ್ವರದ ಹತ್ತಿರದ ಒಂದು ಸಣ್ಣ ಹಳ್ಳಿ. ಅಲ್ಲಿ ಜೋಳಕ್ಕೇ ಬೇರೆ ಕಲ್ಲು ಇಟ್ಟ ಹಳೇ ಗಿರಣಿ ಇನ್ನೂ ನಡೆಯುತ್ತಿದೆ ಅಂತ ಮಾವ ಹೇಳಿದ್ದರು. ಹೇಗೂ ಸೈಕಲ್ ಮೇಲೆ ಆ ಕಡೆ ಹೋಗಬೇಕು ಅಂತ ಬಹಳ ದಿನದಿಂದ ಇತ್ತು. ನಾಲ್ಕು ಕಿಲೋ ಬಿಳಿಜೋಳ ಬಟ್ಟೆ ಚೀಲದಲ್ಲಿ ಕಟ್ಟಿ ಕ್ಯಾರಿಯರ್‌ಗೆ ಬಿಗಿದೆ, ಹೊರಟೆ.

ಹುಬ್ಬಳ್ಳಿ ದಾಟಿದ ಮೇಲೆ ನೆಲದ ಬಣ್ಣ ಕಪ್ಪಾಗುತ್ತದೆ. ಆಮೇಲೆ ಗದಗದವರೆಗೂ ಎರೆ ಹೊಲ, ನೋಡಿದಷ್ಟು ದೂರ. ಬೈಕಿನಲ್ಲಿ ಈ ದಾರಿಯಲ್ಲಿ ನೂರು ಸಲ ಹೋಗಿದ್ದೇನೆ, ಆದರೆ ಹೊಲದ ವಾಸನೆ ಬರುತ್ತದೆ ಅಂತ ಗೊತ್ತೇ ಇರಲಿಲ್ಲ. ಬೆಳಗಿನ ಹೊತ್ತು ಕಡಲೆ ಹೊಲದಿಂದ ಒಂಥರಾ ಹುಳಿ ವಾಸನೆ. ಅಣ್ಣಿಗೇರಿ ಹತ್ತಿರ ಒಬ್ಬ ಅಜ್ಜ ಹೊಲದ ಬದುವಿನಲ್ಲಿ ಕೂತಿದ್ದರು. ಕೈ ಮಾಡಿ ಕರೆದು ಸುಲಗಾಯಿ ಕೊಟ್ಟರು, ಗಿಡ ಸಮೇತ ಒಂದು ಹಿಡಿ. ಬಿಡಿಸಿ ತಿಂದ ಮೇಲೆ ಬೆರಳು ನೆಕ್ಕಿದೆ, ನಾಲಗೆ ಚುರ್ ಅಂತು. ಕಡಲೆ ಗಿಡದ ಎಲೆ, ಕಾಯಿ ಮೇಲೆ ಸಣ್ಣ ರೋಮ ಇರುತ್ತವೆ, ಅವುಗಳಿಂದ ಹುಳಿ ಒಸರುತ್ತದೆ. ಹಿಂದೆ ರಾತ್ರಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಬೆಳಗ್ಗೆ ಇಬ್ಬನಿ ಜೊತೆ ಹಿಂಡಿ ಆ ಹುಳಿ ಶೀಶೆಯಲ್ಲಿ ಇಡುತ್ತಿದ್ದರಂತೆ, ಹೊಟ್ಟೆ ನೋವಿಗೆ. ನಮ್ಮ ಅವ್ವನೂ ಇದನ್ನೇ ಹೇಳುತ್ತಾಳೆ. ಅಜ್ಜನ ಕಾಲು ನೋಡಿದೆ, ಮೊಣಕಾಲಿನ ಕೆಳಗೆ ಚರ್ಮ ಬಿರಿದಿತ್ತು. ಕಡಲೆ ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದವರ ಕಾಲು ಹಾಗೇ ಇರುತ್ತದೆ ಅಂದರು.

ಗಾಳಿ ಬಗ್ಗೆ ಒಂದು ಮಾತು. ಈ ದಿನಗಳಲ್ಲಿ ಮೂಡಗಾಳಿ. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವಾಗ ಎದುರಿಗೇ ಬಡಿಯುತ್ತದೆ. ಎರೆ ಸೀಮೆಯಲ್ಲಿ ಗಾಳಿಗೆ ಅಡ್ಡ ಬರುವ ಗುಡ್ಡ ಇಲ್ಲ, ಮರ ಕಡಿಮೆ. 10 ಗಂಟೆ ಮೇಲೆ ಪೆಡಲ್ ಕಲ್ಲು ಎಳೆದ ಹಾಗೆ ಆಯಿತು. ಕತ್ತಲಿರುವಾಗಲೇ ಹುಬ್ಬಳ್ಳಿ ದಾಟಿದ್ದರೆ ಚೆನ್ನಾಗಿತ್ತು.

ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ಒಂದು ತಾಸು ಮಲಗಿದೆ. ಚಾಲುಕ್ಯರ ಕಾಲದ ಗುಡಿ, ಕಂಬದ ಕಲ್ಲು ಮಧ್ಯಾಹ್ನದಲ್ಲೂ ತಣ್ಣಗೆ.

ಎರಡನೇ ದಿನ ಮಾಗಡಿ ಕೆರೆ. ಗದಗದಿಂದ ಸುಮಾರು 26 ಕಿ.ಮೀ. ಪಟ್ಟೆತಲೆ ಹೆಬ್ಬಾತು ಚಳಿಗಾಲಕ್ಕೆ ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ, ಮಂಗೋಲಿಯಾ ಕಡೆಯಿಂದ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳ ಪಟ್ಟಿಗೂ ಸೇರಿತು. ನೀರಿನ ನಡುವೆ ಬೂದು ಬಣ್ಣದ ಹಾಸಿಗೆ ಹಾಸಿದ ಹಾಗೆ ಕೂತಿದ್ದವು. ಸಂಜೆಯಾದರೆ ಹೊಲಕ್ಕೆ ಇಳಿಯುತ್ತವೆ, ಎಳೇ ಪೈರು, ಹೊಲದಲ್ಲಿ ಉಳಿದ ಶೇಂಗಾ ತಿನ್ನುತ್ತವೆ. ಅಷ್ಟು ದೂರದಿಂದ ಹಾರಿ ಬಂದು ನಮ್ಮ ಹೊಲದ ಕಾಳು ತಿಂದು ಹೋಗುತ್ತವಲ್ಲ ಅನ್ನಿಸಿ ಅರ್ಧ ತಾಸು ಅಲ್ಲೇ ನಿಂತೆ.

ಮಧ್ಯಾಹ್ನ ಗಿರಣಿ ಮುಟ್ಟಿದೆ. ತಗಡಿನ ಮಾಡು, ಮಣ್ಣಿನ ಗೋಡೆ. ಜಂತಿ, ಜೇಡರ ಬಲೆ, ಕ್ಯಾಲೆಂಡರ್, ಎಲ್ಲದರ ಮೇಲೂ ಹಿಟ್ಟು. ಮೂಲೆಯಲ್ಲಿ ಹೆಸರು ಬರೆದ ಡಬ್ಬಿಗಳು ಸಾಲಾಗಿ. ಕಟ್ಟೆ ಮೇಲೆ ನಾಲ್ಕು ಹೆಣ್ಣುಮಕ್ಕಳು ಪಾಳಿಗೆ ಕೂತಿದ್ದರು. ನಾನು ಧಾರವಾಡದಿಂದ ಸೈಕಲ್ ಮೇಲೆ ಜೋಳ ತಂದಿದ್ದೇನೆ ಅಂದಾಗ ಯಾರೂ ನಂಬಲಿಲ್ಲ. ಅವ್ವನ ಮನೆತನ ಹೇಳಿದ ಮೇಲೆ ಒಬ್ಬರು, "ಅಯ್ಯ, ನಮ್ಮ ಓಣಿ ಹುಡುಗಿ ಮಗಾ ಏನ ನೀ" ಅಂತ ಎದ್ದು ಜಾಗ ಕೊಟ್ಟರು. ಅವ್ವನಿಗೆ ಈಗ 74. ಆ ಊರಿಗೆ ಅವಳು ಇನ್ನೂ ಹುಡುಗಿ.

ಗಿರಣಿ ಕಾಕಾ ಚೀಲ ಬಿಚ್ಚಿ ಒಂದು ಹಿಡಿ ಕಾಳು ಅಂಗೈಯಲ್ಲಿ ಹಾಕಿಕೊಂಡು ಊದಿದರು. ಒಂದು ಕಾಳು ಹಲ್ಲಿನಲ್ಲಿ ಕಡಿದರು. ಮೇಲಿನ ಡಬ್ಬಿಗೆ ಸುರಿದು ಪಟ್ಟಾ ಏರಿಸಿದರು. ಕಲ್ಲು ತಿರುಗಲು ಶುರುವಾದ ಮೇಲೆ ಅವರು ನೋಡಲೇ ಇಲ್ಲ, ಕಿವಿಗೊಟ್ಟು ನಿಂತರು. ಕೆಳಗೆ ಬಟ್ಟೆಯ ತೋಳಿನಿಂದ ಹಿಟ್ಟು ಇಳಿಯುತ್ತಿತ್ತು. ಅದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ತಿಕ್ಕಿದರು, ಕಲ್ಲುಗಳ ನಡುವಿನ ಸಂದು ಹೊಂದಿಸುವ ಚಕ್ರವನ್ನು ಒಂದಿಷ್ಟು, ಕಾಲು ಸುತ್ತೂ ಇಲ್ಲ, ತಿರುಗಿಸಿದರು. ಮತ್ತೆ ತಿಕ್ಕಿದರು. "ಆತು" ಅಂದರು. ನನಗೂ ತಿಕ್ಕಲು ಹೇಳಿದರು. ಮೊದಲಿನದಕ್ಕೂ ಇದಕ್ಕೂ ಏನು ಫರಕು ಅಂತ ನನ್ನ ಬೆರಳಿಗೆ ಗೊತ್ತಾಗಲಿಲ್ಲ, ಅವರಿಗೆ ಗೊತ್ತಾಗುತ್ತಿತ್ತು.

ನಾಲ್ಕು ಕಿಲೋಗೆ 20 ರೂಪಾಯಿ ತಗೊಂಡರು. ಇಡೀ ದಿನ 30, 40 ಡಬ್ಬಿ ಬಂದರೆ ಹೆಚ್ಚು ಅಂದರು. ಮೊದಲು ರಾತ್ರಿ ಊಟದ ಹೊತ್ತಿನವರೆಗೂ ಪಾಳಿ ಇರುತ್ತಿತ್ತಂತೆ. ನಾನು ಕೇಳಬೇಕಿರುವುದು ಇಷ್ಟು: ನಿಮ್ಮ ಊರಿನ ಕಲ್ಲಿನ ಗಿರಣಿ ಇನ್ನೂ ಇದೆಯಾ? ನೀವು ಹಾಕಿಸುತ್ತೀರಾ? ಸೈಕಲ್ ಹೊಡೆಯುವವರಿಗೆ ಇದಕ್ಕಿಂತ ಒಳ್ಳೆ ನಿಲ್ದಾಣ ನನಗೆ ಸಿಕ್ಕಿಲ್ಲ. ನೆರಳು, ನೀರು, ಕಟ್ಟೆ, ಮಾತು ಎಲ್ಲಾ ಅಲ್ಲೇ ಇದೆ.

ವಿದ್ಯಾನಗರದವ, ಹುಬ್ಬಳ್ಳಿ

ಓದಿ ಖುಷಿಯಾಯಿತು. ನಾನು ಹೋದ ವರ್ಷ ಗೇರ್ ಸೈಕಲ್ ತಗೊಂಡೆ, ಇನ್ನೂ ಧಾರವಾಡ ಬೈಪಾಸ್ ಬಿಟ್ಟು ಆಚೆ ಹೋಗಿಲ್ಲ. ಎರಡು ಪ್ರಶ್ನೆ. ನಾಲ್ಕು ಕಿಲೋ ಭಾರ ಹಿಂದೆ ಇದ್ದರೆ ಸೈಕಲ್ ಓಲಾಡುವುದಿಲ್ವಾ? ಮತ್ತೆ ಪಂಕ್ಚರ್ ಎಷ್ಟಾಯಿತು? ಅಣ್ಣಿಗೇರಿ ದಾರಿಯಲ್ಲಿ ಜಾಲಿ ಮುಳ್ಳು ಜಾಸ್ತಿ ಅಂತ ಎಲ್ಲರೂ ಹೆದರಿಸುತ್ತಾರೆ.

ಧಾರವಾಡ ಸೈಕಲ್

ಭಾರ ಎರಡು ಚೀಲ ಮಾಡಿ ಎರಡೂ ಬದಿ ಕೆಳಗೆ ಇಳಿಬಿಡಬೇಕು. ಮೊದಲ ದಿನ ಕ್ಯಾರಿಯರ್ ಮೇಲೇ ಕಟ್ಟಿದ್ದೆ, ನಿಂತು ಪೆಡಲ್ ತುಳಿದರೆ ಹಿಂದಿನಿಂದ ಯಾರೋ ಜಗ್ಗಿದ ಹಾಗೆ ಆಗುತ್ತಿತ್ತು. ಗದಗದಲ್ಲಿ ಎರಡು ಭಾಗ ಮಾಡಿಕೊಂಡೆ, ಸರಿಹೋಯಿತು.

ಪಂಕ್ಚರ್ ಮೂರು. ಮೂರೂ ಜಾಲಿ ಮುಳ್ಳು. ಎರಡನೆಯದಂತೂ ಟ್ಯೂಬ್ ಹಚ್ಚಿದ ಅರ್ಧ ತಾಸಿಗೆ ಮತ್ತೆ ಗಾಳಿ ಇಳಿಯಿತು. ಶಿರಹಟ್ಟಿಯ ಸೈಕಲ್ ಅಂಗಡಿಯ ಕಾಕಾ ಅದನ್ನು ನೋಡಿದ ರೀತಿ ಇಲ್ಲಿ ಹೇಳಲೇಬೇಕು. ಟೈರ್ ಬಿಚ್ಚಿ, ರಸ್ತೆ ಬದಿ ಗಿಡದಿಂದ ಒಂದು ಹತ್ತಿ ಅರಳೆ ಕಿತ್ತು ತಂದು, ಟೈರಿನ ಒಳಗೆ ಸುತ್ತಲೂ ನಿಧಾನಕ್ಕೆ ಸವರಿದರು. ಒಂದು ಕಡೆ ಅರಳೆ ಸಿಕ್ಕಿಕೊಂಡು ಎಳೆ ಎದ್ದಿತು. ಅಲ್ಲೇ ಮುಳ್ಳಿನ ತುದಿ ಮುರಿದು ಕೂತಿತ್ತು. ಕಣ್ಣಿಗೆ ಕಾಣುವಷ್ಟೂ ಇರಲಿಲ್ಲ. ನಾನು ಬರಿ ಬೆರಳಿನಿಂದ ಎರಡು ಸಲ ಹುಡುಕಿದ್ದೆ, ಸಿಕ್ಕಿರಲಿಲ್ಲ.

ಸೈಕಲ್ ಅಂಗಡಿ, ಅಣ್ಣಿಗೇರಿ

ನಮ್ಮ ತಂದೆ ಕಾಲದಿಂದ ಇದೇ ಕೆಲಸ, ಅದಕ್ಕೆ ಹೇಳುತ್ತೇನೆ. ಗೇರ್ ಸೈಕಲ್ ತಗೊಂಡು ಈ ಕಡೆ ಬರುವವರು ತೆಳ್ಳನೆ ಟೈರಿನವು ತರಬೇಡಿ. ನಮ್ಮಲ್ಲಿ ಹಳ್ಳಿ ಅಂಗಡಿಯಲ್ಲಿ ಸಿಗುವುದು 28 ಇಂಚಿನ ಹಳೇ ಕರಿ ಸೈಕಲ್ ಟ್ಯೂಬ್, ಮಕ್ಕಳ ಸೈಕಲ್‌ದು, 26 ಇಂಚಿನದು. ರೇಸಿಂಗ್ ಸೈಕಲ್ ಟ್ಯೂಬ್ ಹುಬ್ಬಳ್ಳಿ ಬಿಟ್ಟರೆ ಸಿಗುವುದು ಕಷ್ಟ. ತೆಳ್ಳನೆ ವಾಲ್ ಇದ್ದರೆ ನಮ್ಮ ಪಂಪ್ ಕೂಡುವುದೇ ಇಲ್ಲ. ಬೈಕ್ ವಾಲ್ ಇದ್ದರೆ ಯಾವ ಪಂಕ್ಚರ್ ಅಂಗಡಿಯಲ್ಲೂ ಗಾಳಿ ತುಂಬುತ್ತಾರೆ.

ಇನ್ನೊಂದು. ಊಟಕ್ಕೆ, ಫೋಟೋಕ್ಕೆ ಅಂತ ಸೈಕಲ್‌ನ್ನು ರಸ್ತೆ ಬಿಟ್ಟು ಬದುವಿಗೆ ಇಳಿಸುತ್ತೀರಲ್ಲ, ಮುಳ್ಳು ಚುಚ್ಚುವುದು ಅಲ್ಲಿ. ಎತ್ತಿಕೊಂಡು ಇಳಿಯಿರಿ, ತಳ್ಳಬೇಡಿ. ಮತ್ತೆ ಹತ್ತಿಸುವ ಮುಂಚೆ ಅಂಗೈಯಿಂದ ಟೈರ್ ಸವರಿ. ಮುಳ್ಳು ಮೊದಲು ಟೈರಿಗೆ ನಾಟುತ್ತದೆ, ನಾಲ್ಕಾರು ಸುತ್ತು ತಿರುಗಿದ ಮೇಲೆ ಒಳಗೆ ಹೋಗುತ್ತದೆ. ಮೊದಲೇ ಕಿತ್ತರೆ ಟ್ಯೂಬ್ ಉಳಿಯುತ್ತದೆ.

ಮಳೆಗಾಲದಲ್ಲಂತೂ ಎರೆ ದಾರಿಗೆ ಇಳಿಯಲೇಬೇಡಿ. ಹತ್ತು ಹೆಜ್ಜೆಗೆ ಮಡ್ಗಾರ್ಡ್ ತುಂಬಿ ಚಕ್ರ ನಿಂತುಬಿಡುತ್ತದೆ. ಆ ಮಣ್ಣು ಕಡ್ಡಿ ಹಾಕಿ ತೆಗೆದರೂ ಬರುವುದಿಲ್ಲ. ಸೈಕಲ್ ಹೆಗಲ ಮೇಲೆ ಹೊತ್ತು ಬಂದವರನ್ನು ಪ್ರತಿ ವರ್ಷ ನೋಡುತ್ತೇನೆ.

ಗಿರಣಿ ಮನೆ ಮಗಳು, ಹಾವೇರಿ

ಧಾರವಾಡ ಸೈಕಲ್ ಅವರೇ, ನಿಮ್ಮ ಬರಹ ಓದಿ ಅಪ್ಪನಿಗೆ ಓದಿ ಹೇಳಿದೆ. ನಮ್ಮದೂ ಗಿರಣಿ ಮನೆ. ನಾನು ಹೋಮ್‌ವರ್ಕ್ ಮಾಡಿದ್ದೇ ಗಿರಣಿ ಸದ್ದಿನಲ್ಲಿ. ಕಿವಿಗೊಟ್ಟು ನಿಂತರು ಅಂತ ಬರೆದಿದ್ದೀರಲ್ಲ, ಅಪ್ಪ ಅದೊಂದು ಸಾಲು ಎರಡು ಸಲ ಓದಿಸಿದರು.

ಎರಡು ಕಲ್ಲಿನ ನಡುವೆ ಕಾಳು ಇರುವವರೆಗೆ ಸದ್ದು ತುಂಬಿದ ಹಾಗೆ, ಮೆತ್ತಗೆ ಇರುತ್ತದೆ. ಡಬ್ಬಿ ಖಾಲಿಯಾಗುತ್ತಾ ಬಂದರೆ ಸದ್ದು ತೆಳ್ಳಗಾಗುತ್ತದೆ, ಆಮೇಲೆ ಕರ್ ಅಂತ ಬರುತ್ತದೆ. ಅಂದರೆ ಕಲ್ಲಿಗೆ ಕಲ್ಲು ತಾಗುತ್ತಿದೆ. ಆಗ ಕಿಡಿ ಹಾರುತ್ತದೆ, ಕಲ್ಲು ಸವೆಯುತ್ತದೆ, ಹಿಟ್ಟಿಗೆ ಕಲ್ಲಿನ ಪುಡಿ ಬೀಳುತ್ತದೆ. ಅದಕ್ಕೇ ಕಲ್ಲು ಬರಿದೇ ತಿರುಗಬಾರದು. ಅಪ್ಪ ಹೊರಗೆ ಯಾರ ಜೊತೆಗೋ ಮಾತಾಡುತ್ತಾ ನಿಂತಿದ್ದವರು ಸದ್ದು ಬದಲಾದರೆ ಮಾತು ಅರ್ಧಕ್ಕೆ ಬಿಟ್ಟು ಒಳಗೆ ಬರುತ್ತಿದ್ದರು.

ಕಲ್ಲಿನ ಮೇಲೆ ನಡುವಿನಿಂದ ಅಂಚಿಗೆ ಗೀರು ಇರುತ್ತವೆ. ಕಾಳು ನಡುವಿನ ತೂತಿನಿಂದ ಬಿದ್ದು, ಗೀರಿನ ಅಂಚಿಗೆ ಸಿಕ್ಕು ಒಡೆಯುತ್ತಾ, ನುಣ್ಣಗಾಗುತ್ತಾ ಹೊರಗೆ ಬರುತ್ತದೆ. ಆ ಗೀರು ಸವೆದರೆ ಕಲ್ಲು ಕಾಳನ್ನು ಕತ್ತರಿಸುವುದಿಲ್ಲ, ಬರೀ ಒತ್ತಿ ತಿಕ್ಕುತ್ತದೆ. ಹಿಟ್ಟು ಬಿಸಿಯಾಗುತ್ತದೆ. ಆಗ ಕಲ್ಲು ಬಿಚ್ಚಿ ಉಳಿ, ಸುತ್ತಿಗೆ ಹಿಡಿದು ಕಟೆಯಬೇಕು. ನಮ್ಮಲ್ಲಿ ಅಪ್ಪನೇ ಕಟೆಯುತ್ತಿದ್ದರು, ಕಣ್ಣಿಗೆ ಕಿಡಿ ಹಾರದ ಹಾಗೆ ಟವೆಲ್ ಸುತ್ತಿಕೊಂಡು, ಇಡೀ ಮಧ್ಯಾಹ್ನ. ಕಟೆದ ಮೇಲೆ ಮೊದಲು ಬೀಸಿದ್ದು ಮನುಷ್ಯರಿಗಲ್ಲ. ಹೊಟ್ಟು, ನುಚ್ಚು ಹಾಕಿ ಕಲ್ಲಿನ ಪುಡಿ ಎಲ್ಲ ಅದರ ಜೊತೆ ತೆಗೆದುಬಿಡಬೇಕು.

ನಿಮ್ಮ ಅವ್ವನ ರೊಟ್ಟಿ ಹರಿಯಲು ಅದೇ ಕಾರಣ ಇರಬಹುದು. ಗೋಧಿಯಲ್ಲಿ ಇರುವ ಅಂಟು ಜೋಳದಲ್ಲಿ ಇಲ್ಲ. ಜೋಳದ ಹಿಟ್ಟಿಗೆ ಜಿಗಿ ಬರುವುದು ಕುದಿ ನೀರು ಹಾಕಿ ನಾದಿದಾಗ. ಅದಕ್ಕೆ ಹಿಟ್ಟು ನುಣ್ಣಗಿರಬೇಕು, ತಾಜಾ ಇರಬೇಕು. ತರಿ ಇದ್ದರೆ ಆ ಜಾಗದಲ್ಲೇ ಬಿರುಕು ಬಿಡುತ್ತದೆ. ಜೋಳದ ಮೊಳಕೆ ಭಾಗದಲ್ಲಿ ಎಣ್ಣೆ ಅಂಶ ಇದೆ, ಬೀಸಿದ ಮೇಲೆ ಅದೂ ಹಿಟ್ಟಿನಲ್ಲೇ ಇರುತ್ತದೆ. ಬಿಸಿ ಹಿಟ್ಟನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಬೆವರುತ್ತದೆ, ಬೇಗ ಮುಗ್ಗುತ್ತದೆ, ಕಹಿಯಾಗುತ್ತದೆ. ಮನೆಗೆ ಬಂದ ಕೂಡಲೇ ಅಗಲ ಪರಾತದಲ್ಲಿ ಹರಡಿ ಆರಿಸಿ.

ಇನ್ನು ಕಡಲೆ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಮೊದಲ ಒಂದು ಸೇರು ಹಿಟ್ಟಿನಲ್ಲಿ ಕಡಲೆ ವಾಸನೆ ಇದ್ದೇ ಇರುತ್ತದೆ. ನಿಯತ್ತಿನ ಗಿರಣಿಯವರು ಮೊದಲ ಹಿಡಿ ತೆಗೆದು ಬೇರೆ ಇಡುತ್ತಾರೆ. ನೀವೂ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ.

ರೋಣದವ, ಈಗ ಬೆಂಗಳೂರು

ನಾಲ್ಕು ಕಿಲೋ ಹಿಟ್ಟಿಗೆ ಅಷ್ಟು ದೂರ ಹೋಗಬೇಕಾ ಅಂತ ನನ್ನ ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮನೆಯಲ್ಲಿ ಸಣ್ಣ ಗಿರಣಿ ಇದೆ, ಮಿಕ್ಸರ್ ಪಕ್ಕದಲ್ಲೇ ಇಡಬಹುದು. ಊರಿನಿಂದ ಜೋಳ ತರಿಸಿ ಬೇಕಾದಷ್ಟೇ ಬೀಸಿಕೊಳ್ಳುತ್ತೇವೆ. ತಾಜಾ ಅಂದರೆ ಅದಕ್ಕಿಂತ ತಾಜಾ ಇಲ್ಲ. ಗಿರಣಿ ಮುಚ್ಚುತ್ತಿವೆ ಅಂತ ದುಃಖ ನನಗೂ ಇದೆ, ಆದರೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಡಬ್ಬಿ ಹೊತ್ತು ಪಾಳಿಗೆ ಕೂರುವ ಕಾಲ ಹೋಯಿತು. ಹೋಗಿದ್ದು ಒಳ್ಳೆಯದೇ ಅಂತ ನನ್ನ ಹೆಂಡತಿ ಹೇಳುತ್ತಾಳೆ.

ಗಿರಣಿ ಮನೆ ಮಗಳು, ಹಾವೇರಿ

ನಿಮ್ಮ ಮನೆಯವರು ಹೇಳುವುದು ನಿಜ. ನಮ್ಮ ಅಮ್ಮ, ಅಜ್ಜಿ ಬೆಳಗಿನ ಜಾವ ಎದ್ದು ಬೀಸುಕಲ್ಲು ತಿರುಗಿಸುತ್ತಿದ್ದರು. ಊರಿಗೆ ಗಿರಣಿ ಬಂದಾಗ ಎಷ್ಟು ತೋಳುಗಳಿಗೆ ಆರಾಮ ಸಿಕ್ಕಿತು ಅಂತ ಅವರೇ ಹೇಳುತ್ತಾರೆ. ಮನೆ ಗಿರಣಿ ಬಂದರೆ ಅದೂ ಹಾಗೇ.

ಆದರೆ ಮನೆ ಗಿರಣಿ ಹೆಚ್ಚಿನವು ಕಲ್ಲಿನವಲ್ಲ. ಒಳಗೆ ಸ್ಟೀಲ್ ಸುತ್ತಿಗೆ ಅಥವಾ ಬ್ಲೇಡ್ ಜೋರಾಗಿ ತಿರುಗಿ ಕಾಳನ್ನು ಬಡಿದು ಪುಡಿ ಮಾಡುತ್ತವೆ, ಜಾಲರಿಯಿಂದ ಹೊರಗೆ ಬರುತ್ತದೆ. ಗೋಧಿಗೆ, ರವೆಗೆ ತೊಂದರೆ ಇಲ್ಲ. ಜೋಳಕ್ಕೆ ಸಣ್ಣ ಜಾಲರಿ ಹಾಕಿ ನೋಡಿ, ನಿಧಾನವಾದರೂ ಪರವಾಗಿಲ್ಲ. ಕಲ್ಲಿನದೇ ಬೇಕು ಅಂದರೆ ಸಣ್ಣ ಕಲ್ಲಿನ ಮನೆ ಗಿರಣಿಯೂ ಸಿಗುತ್ತವೆ, ಬೆಲೆ ಜಾಸ್ತಿ.

ಗಿರಣಿ ಉಳಿಯುವುದು ಬರೀ ಹಿಟ್ಟಿನಿಂದ ಅಲ್ಲ ಅಂತ ಅಪ್ಪ ಹೇಳುತ್ತಾರೆ. ಬೇಸಿಗೆಯಲ್ಲಿ ಶ್ಯಾವಿಗೆ, ಖಾರ. ನಾವು ಬ್ಯಾಡಗಿ ಹತ್ತಿರದವರು, ಮೆಣಸಿನಕಾಯಿ ಬರುವ ಕಾಲದಲ್ಲಿ ಖಾರ ಕುಟ್ಟುವ ಮಷಿನ್ ನಿಲ್ಲುವುದೇ ಇಲ್ಲ. ಆ ಎರಡು ತಿಂಗಳ ದುಡಿಮೆಯಲ್ಲೇ ಉಳಿದ ಹತ್ತು ತಿಂಗಳ ಕರೆಂಟ್ ಬಿಲ್ ನಡೆಯುತ್ತದೆ.

ವಿದ್ಯಾನಗರದವ, ಹುಬ್ಬಳ್ಳಿ

ನಿನ್ನೆ ಧೈರ್ಯ ಮಾಡಿ ಕುಂದಗೋಳ ದಾರಿಯಲ್ಲಿ 40 ಕಿ.ಮೀ. ಹೋಗಿ ಬಂದೆ. ಖುಷಿಯಾಯಿತು, ಆದರೆ ಸಿಟ್ಟೂ ಬಂತು, ಹೇಳಿಬಿಡುತ್ತೇನೆ. ರಸ್ತೆ ಮೇಲೇ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಹರಡಿದ್ದಾರೆ. ಅರ್ಧ ರಸ್ತೆ ಕಾಳು, ಅಂಚಿಗೆ ಸಾಲಾಗಿ ಕಲ್ಲು. ಎದುರಿನಿಂದ ಬಸ್ ಬಂತು, ನಾನು ಬದಿಗೆ ಸರಿದೆ, ಕಾಳಿನ ಮೇಲೆ ಚಕ್ರ ಜಾರಿ ಬಿದ್ದೆ. ಮೊಣಕೈ ಕೆರೆದಿದೆ. ಬ್ರೇಕ್ ಹಿಡಿದರೆ ಗೋಲಿ ಮೇಲೆ ಹಿಡಿದ ಹಾಗೆ. ಇದಕ್ಕೆ ಯಾರೂ ಏನೂ ಹೇಳುವುದಿಲ್ವಾ?

ಎರೆ ಹೊಲ, ನವಲಗುಂದ

ತಮ್ಮಾ, ಮೊದಲು ಮೊಣಕೈ ಹೇಗಿದೆ ನೋಡಿಕೊಳ್ಳಿ. ನಾನು ರೈತ. ನಾನೂ ರಸ್ತೆ ಮೇಲೆ ಒಣಹಾಕಿದ್ದೇನೆ. ಯಾಕೆ ಅಂತ ಹೇಳುತ್ತೇನೆ, ಸರಿ ಅಂತ ವಾದ ಮಾಡುವುದಿಲ್ಲ.

ನಮ್ಮ ಹೊಲ ಎರೆ. ಬೇಸಿಗೆಗೆ ಕೈ ಹೋಗುವಷ್ಟು ಅಗಲ ಬಿರುಕು ಬಿಡುತ್ತದೆ, ಕಾಳು ಹರಡಿದರೆ ಬಿರುಕಿಗೆ ಹೋಗುತ್ತದೆ. ಹಿಂದೆ ಪ್ರತಿ ಮನೆಗೆ ಕಣ ಇತ್ತು. ಸಗಣಿ ಸಾರಿಸಿ, ನಡುವೆ ಮೇಟಿ ಕಂಬ ನೆಟ್ಟು, ಎತ್ತು ಕಟ್ಟಿ ತುಳಿಸುತ್ತಿದ್ದೆವು. ಈಗ ಎತ್ತು ಇಲ್ಲ, ಸಗಣಿ ಇಲ್ಲ, ಕಣ ಮಾಡಲು ಆಳು ಇಲ್ಲ. ಕಣದ ಜಾಗದಲ್ಲಿ ಮನೆ ಎದ್ದಿವೆ. ಗೋವಿನಜೋಳ ಹಸಿ ಇದ್ದರೆ ಮಾರುಕಟ್ಟೆಯಲ್ಲಿ ದರ ಇಳಿಸುತ್ತಾರೆ, ಬೂಷ್ಟು ಬಂದರೆ ತಗೊಳ್ಳುವುದೇ ಇಲ್ಲ. ಡಾಂಬರು ಕಾದಿರುತ್ತದೆ, ಎರಡು ದಿನಕ್ಕೆ ಒಣಗುತ್ತದೆ.

ಆದರೆ ಕಲ್ಲು ಇಡುವುದು ತಪ್ಪು. ರಾತ್ರಿ ಕಾಳು ಎತ್ತಿ ಕಲ್ಲು ಅಲ್ಲೇ ಬಿಟ್ಟು ಹೋಗುತ್ತಾರೆ. ನಮ್ಮ ಊರಿನ ಹುಡುಗ ಒಬ್ಬ ಹೀಗೇ ಬೈಕಿನಿಂದ ಬಿದ್ದು ಆರು ತಿಂಗಳು ಹಾಸಿಗೆಯಲ್ಲಿ ಮಲಗಿದ್ದ. ಅವತ್ತಿನಿಂದ ನಾನು ಮನೆ ಮೇಲೆ ತಾಡಪತ್ರಿ ಹಾಸಿ ಒಣಗಿಸುತ್ತೇನೆ, ಹೊರುವುದಕ್ಕೆ ಮೂರು ದಿನ ಹೆಚ್ಚು ಬೇಕು. ಎಲ್ಲರಿಗೂ ಮನೆ ಮೇಲೆ ಸ್ಲ್ಯಾಬ್ ಇರುವುದಿಲ್ಲ. ಪಂಚಾಯಿತಿಗೊಂದು ದೊಡ್ಡ ಒಕ್ಕಣೆ ಕಟ್ಟೆ ಬೇಕು, ಕೇಳುತ್ತಲೇ ಇದ್ದೇವೆ.

ಕಾಳಿನ ಮೇಲೆ ಹೋಗಲೇಬೇಕಾದರೆ ಬ್ರೇಕ್ ಮುಟ್ಟಬೇಡಿ, ಹ್ಯಾಂಡಲ್ ತಿರುಗಿಸಬೇಡಿ, ಪೆಡಲ್ ನಿಲ್ಲಿಸಿ ನೇರ ದಾಟಿ. ಇಳಿದು ನಡೆದರೆ ಇನ್ನೂ ಒಳ್ಳೆಯದು. ಇಳಿದು ನಡೆದವರಿಗೆ ನೀರು ಕೊಡದ ರೈತ ನಮ್ಮ ಸೀಮೆಯಲ್ಲಿ ಇಲ್ಲ.

ಜೋಳದ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ಗಿರಣಿಗೆ ಜೋಳ ಕಡಿಮೆ ಬರಲು ನಾವೂ ಕಾರಣ. ನನ್ನ ತಂದೆ 12 ಎಕರೆಯಲ್ಲಿ ಎಂಟು ಎಕರೆ ಹಿಂಗಾರಿ ಜೋಳ ಹಾಕುತ್ತಿದ್ದರು. ಮಾಲದಂಡಿ ತಳಿ, ಅದೇ ಎಂ 35-1. ತಡವಾಗಿ ಬಿತ್ತಿದರೂ ನೆಲದ ಹಸಿಯಲ್ಲೇ, ಮಳೆ ಇಲ್ಲದೆ, ಇಬ್ಬನಿ ಕುಡಿದು ಬರುತ್ತದೆ. ಕಾಳು ದಪ್ಪ, ಮುತ್ತಿನ ಹಾಗೆ. ನಾನು ಈಗ ಎರಡು ಎಕರೆ ಹಾಕುತ್ತೇನೆ, ಉಳಿದದ್ದು ಕಡಲೆ. ಕಡಲೆಗೆ ಮಷಿನ್ ಇದೆ, ಒಂದೇ ದಿನಕ್ಕೆ ರಾಶಿ. ಜೋಳ ಕೈಯಿಂದ ಕೀಳಬೇಕು, ಬೇರು ಸಮೇತ, ಬಿರುಕು ಬಿಟ್ಟ ನೆಲದಿಂದ. ಕಿತ್ತವರ ಅಂಗೈ ನೋಡಿ ಗೊತ್ತಾಗುತ್ತದೆ. ಆಮೇಲೆ ಸಿವುಡು ಕಟ್ಟಬೇಕು, ತೆನೆ ಮುರಿಯಬೇಕು, ಕಣಕಿ ಬಣವೆ ಒಟ್ಟಬೇಕು. ಹಕ್ಕಿ ಕಾಯಬೇಕು. ಮಕ್ಕಳು ಹೊರಗೆ ಓದುತ್ತಿದ್ದಾರೆ, ಯಾರು ಕಾಯುತ್ತಾರೆ? ಎರಡು ಎಕರೆ ಹಾಕುವುದು ಮನೆ ರೊಟ್ಟಿಗೆ, ದನದ ಮೇವಿಗೆ. ಅದನ್ನಂತೂ ಬಿಡುವುದಿಲ್ಲ.

ವಿದ್ಯಾನಗರದವ, ಹುಬ್ಬಳ್ಳಿ

ಅಣ್ಣಾರ, ಸಿಟ್ಟಿನಲ್ಲಿ ಬರೆದಿದ್ದೆ. ಇಷ್ಟು ಇದೆ ಅಂತ ಗೊತ್ತಿರಲಿಲ್ಲ. ಮೊಣಕೈ ಆರಾಮ ಇದೆ. ಮುಂದಿನ ಸಲ ಇಳಿದು ನಡೆಯುತ್ತೇನೆ.

ಗದಗ ಮೇಷ್ಟ್ರು

ನಿವೃತ್ತ ಶಿಕ್ಷಕ ನಾನು. ಗದಗದವರೆಗೂ ಬಂದು ಕಣಗಿನಹಾಳ ಬಿಟ್ಟು ಹೋಗಿದ್ದೀರಿ, ಅದೊಂದೇ ಬೇಜಾರು. ಗದಗ ತಾಲ್ಲೂಕಿನಲ್ಲೇ ಇದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ರೈತರಿಗಾಗಿ ಸಹಕಾರ ಸಂಘ ಶುರುಮಾಡಿದರು. ಹಿಂದಿನ ವರ್ಷವಷ್ಟೇ, 1904ರಲ್ಲಿ, ಸಹಕಾರ ಸಂಘಗಳ ಕಾನೂನು ಬಂದಿತ್ತು. ರೈತರು ಸಾಹುಕಾರರ ಬಡ್ಡಿಗೆ ಸಿಕ್ಕಿ ಹೊಲ ಕಳೆದುಕೊಳ್ಳುತ್ತಿದ್ದ ದಿನಗಳು. ಎರೆ ಹೊಲದ ನಡುವಿನ ಸಾಮಾನ್ಯ ಹಳ್ಳಿಯಲ್ಲಿ ಇಷ್ಟು ದೊಡ್ಡ ಕೆಲಸ ಹುಟ್ಟಿತು ಅಂತ ನಾನು ಪ್ರತಿ ವರ್ಷ ಮಕ್ಕಳಿಗೆ ಹೇಳುತ್ತಿದ್ದೆ. ರಸ್ತೆ ಮೇಲೆ ಒಣಗಿಸುವ ಕಷ್ಟ, ಗಿರಣಿ ಮುಚ್ಚುವ ಕಷ್ಟ ಎರಡೂ ಒಬ್ಬೊಬ್ಬರೇ ಬಿಡಿಸುವಂಥದ್ದಲ್ಲ. ಒಕ್ಕಣೆ ಕಟ್ಟೆ, ಕಲ್ಲಿನ ಗಿರಣಿ, ಎರಡನ್ನೂ ಒಂದು ಸಂಘ ನಡೆಸಬಹುದಲ್ವಾ? ಈ ಮಣ್ಣಿನವರಿಗೆ ಅದು ಹೊಸದೇನಲ್ಲ.

ಇನ್ನು ಸದಕ ಗೋಧಿ ಸಿಕ್ಕರೆ ಬಿಡಬೇಡಿ. ಜವೆ ಗೋಧಿ, ಕಪಲಿ ಅಂತಲೂ ಕರೆಯುತ್ತಾರೆ. ಕಾಳಿನ ಸಿಪ್ಪೆ ಗಟ್ಟಿ, ಕುಟ್ಟಿ ತೆಗೆಯಬೇಕು, ಅದಕ್ಕೇ ಬೆಳೆಯುವವರು ಕಡಿಮೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಇದರಲ್ಲಿ ಗಿಡ್ಡ ತಳಿಗಳನ್ನು ಮಾಡಿದ್ದಾರೆ, ಡಿಡಿಕೆ 1025, ಡಿಡಿಕೆ 1029 ಅಂತ. ಹುಗ್ಗಿಗೆ ಇದರ ಮುಂದೆ ಯಾವ ಗೋಧಿಯೂ ಇಲ್ಲ. ಬೆಂದರೂ ಕಾಳು ಕಾಳಾಗಿ ಇರುತ್ತದೆ, ಬೆಲ್ಲ ಹೀರಿಕೊಳ್ಳುತ್ತದೆ, ಕರಗುವುದಿಲ್ಲ.

ಹಳೇ ಹುಬ್ಬಳ್ಳಿ ಅಕ್ಕ

ನಾನೂ ಸೈಕಲ್ ಹೊಡೆಯುತ್ತೇನೆ, 41 ವರ್ಷ. ಊರೊಳಗೆ ಸರಿ, ಒಬ್ಬಳೇ ಹೊರಗೆ ಹೋಗಬೇಕು ಅಂತ ಆಸೆ. ಮನೆಯಲ್ಲಿ ಬೇಡ ಅನ್ನುತ್ತಾರೆ. ದಾರಿಯಲ್ಲಿ ನಿಲ್ಲಲು ಎಲ್ಲಿ ಧೈರ್ಯ? ಚಹಾ ಅಂಗಡಿಯಲ್ಲಿ ಬರೀ ಗಂಡಸರು ಇರುತ್ತಾರೆ.

ಗಿರಣಿ ಮನೆ ಮಗಳು, ಹಾವೇರಿ

ಅಕ್ಕಾ, ಗಿರಣಿ ಕಟ್ಟೆಗೆ ಹೋಗಿ. ಹಳ್ಳಿಯಲ್ಲಿ ಹೆಣ್ಣುಮಕ್ಕಳು ಯಾರ ಅಪ್ಪಣೆಯೂ ಇಲ್ಲದೆ ತಾಸುಗಟ್ಟಲೆ ಕೂರುವ ಜಾಗ ಎಂದರೆ ಗಿರಣಿಯೇ. ನಿಮ್ಮ ಕೈಯಲ್ಲಿ ಒಂದು ಕಿಲೋ ಕಾಳು ಇದ್ದರೆ ಸಾಕು, ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ. ಕುಡಿಯಲು ನೀರು ಸಿಗುತ್ತದೆ. ಬಚ್ಚಲು ಬೇಕು ಅಂದರೆ ಪಕ್ಕದ ಮನೆಯವರೇ ಕರೆದುಕೊಂಡು ಹೋಗುತ್ತಾರೆ. ಬೆಳಗ್ಗೆ 7ರಿಂದ 11 ಒಳ್ಳೆ ಹೊತ್ತು. ಹಳ್ಳಿಯಲ್ಲಿ ಮೂರು ಫೇಸ್ ಕರೆಂಟ್ ಇರುವ ಹೊತ್ತಿನಲ್ಲಿ ಮಾತ್ರ ದೊಡ್ಡ ಮೋಟರ್ ತಿರುಗುತ್ತದೆ, ಆ ಹೊತ್ತು ಊರಿಂದ ಊರಿಗೆ ಬೇರೆ. ಹಾವೇರಿ ಕಡೆ ಬಂದರೆ ಇಲ್ಲೇ ಸಂದೇಶ ಹಾಕಿ, ನಾನು ಎದುರು ಬರುತ್ತೇನೆ.

ಹಳೇ ಹುಬ್ಬಳ್ಳಿ ಅಕ್ಕ

ಇದು ನನಗೆ ಹೊಳೆದೇ ಇರಲಿಲ್ಲ. ಬರುವ ಭಾನುವಾರ ಮೊದಲು ಅಣ್ಣಿಗೇರಿವರೆಗೆ. ಗೋಧಿ ಎರಡು ಕಿಲೋ ಈಗಲೇ ಆರಿಸಿ ಇಟ್ಟೆ.

ಧಾರವಾಡ ಸೈಕಲ್

ತಡವಾಗಿ ಬರೆಯುತ್ತಿದ್ದೇನೆ. ಇಷ್ಟು ಜನ ಬರೆದದ್ದನ್ನೆಲ್ಲ ರಾತ್ರಿ ಕೂತು ಅವ್ವನಿಗೆ ಓದಿದೆ.

ಸವಣೂರಿನ ದೊಡ್ಡ ಹುಣಸೆ ಮರ ನೋಡಿದ್ರಾ ಅಂತ ಒಬ್ಬರು ಬೇರೆ ಕಡೆ ಕೇಳಿದ್ದರು. ನೋಡಿದೆ. ಹುಣಸೆ ಅಂತ ಹೆಸರು, ನಿಜಕ್ಕೂ ಅವು ಆಫ್ರಿಕಾ ಮೂಲದ ಬಾವೋಬಾಬ್. ಬುಡಕ್ಕೆ ಸೈಕಲ್ ಆನಿಸಿದರೆ ಆಟಿಕೆ ಹಾಗೆ ಕಾಣುತ್ತದೆ. ಬಂಕಾಪುರದಲ್ಲಿ ಕೋಟೆಯೊಳಗಿನ ನವಿಲು ಬೆಳಗ್ಗೆ ಬೆಳಗ್ಗೆ ಕೂಗುತ್ತಿದ್ದವು, ಅದು ಬಿಟ್ಟರೆ ಕೊನೇ ದಿನ ಹೆದ್ದಾರಿ, ಲಾರಿ, ಹೇಳುವಂಥದ್ದು ಇಲ್ಲ.

ಹಿಟ್ಟಿನ ಮಾತು. ಲಕ್ಷ್ಮೇಶ್ವರದಲ್ಲಿ ಉಳಿದಿದ್ದ ಮನೆಯ ಅಂಗಳದಲ್ಲೇ ಹರಡಿ ಆರಿಸಿ ತಂದಿದ್ದೆ, ಗಿರಣಿ ಕಾಕಾ ಹಾಗೇ ಹೇಳಿದ್ದರು. ಮನೆ ಮುಟ್ಟಿದಾಗ ಸಂಜೆ 7. ಅವ್ವ ಚೀಲದ ಬಾಯಿ ಬಿಚ್ಚಿ ಮೊದಲು ಮೂಸಿದಳು. ಎಸರು ಇಟ್ಟಳು. ಹಿಟ್ಟಿನ ನಡುವೆ ಗುಳಿ ಮಾಡಿ ಬಿಸಿನೀರು ಹೊಯ್ದು, ಮೊದಲು ಸೌಟಿನಿಂದ, ಆಮೇಲೆ ಅಂಗೈಯಿಂದ ನಾದಿದಳು. ಕಲ್ಲಿನ ಮೇಲೆ ಹಿಟ್ಟು ಉದುರಿಸಿ ಬಡಿಯಲು ಶುರುಮಾಡಿದಳು. ಆ ಸದ್ದು ಎರಡು ವರ್ಷದಿಂದ ಹೀಗೆ ಒಂದೇ ಸಮ ಕೇಳಿರಲಿಲ್ಲ, ನಡುನಡುವೆ ನಿಂತು ಬಿರುಕು ಒತ್ತುತ್ತಿದ್ದಳು. ಈ ಸಲ ನಿಲ್ಲಲಿಲ್ಲ. ರೊಟ್ಟಿ ಅಂಚಿನವರೆಗೂ ತೆಳ್ಳಗೆ ಹರಡಿತು. ಎರಡೂ ಕೈಯಲ್ಲಿ ಎತ್ತಿ ಹಂಚಿಗೆ ಹಾಕಿದಳು, ಮೇಲೆ ನೀರು ಸವರಿದಳು. ಮಗುಚಿ ಹಾಕಿದ ಮೇಲೆ ಉಬ್ಬಿತು. ಅವ್ವ ನನ್ನ ಕಡೆ ನೋಡಲಿಲ್ಲ, ಎರಡನೇ ಉಂಡೆ ತಗೊಂಡಳು. ಒಂಬತ್ತು ರೊಟ್ಟಿ ಬಡಿದಳು. ಮನೆಯಲ್ಲಿ ನಾವು ಮೂರೇ ಜನ.

ಗದಗ ಮೇಷ್ಟ್ರೇ, ಕಣಗಿನಹಾಳ ಮುಂದಿನ ಸಲ ಖಂಡಿತ. ಎರೆ ಹೊಲದ ಅಣ್ಣಾರ, ನಿಮ್ಮ ಹೊಸ ಜೋಳ ರಾಶಿಯಾದ ಮೇಲೆ ಒಂದು ಚೀಲ ನನಗೆ ಬೇಕು. ದರ ನೀವೇ ಹೇಳಿ, ನಾನೇ ಬಂದು ಒಯ್ಯುತ್ತೇನೆ.

ಗಿರಣಿ ಕಾಕಾಗೆ ನಿನ್ನೆ ಫೋನ್ ಮಾಡಿದ್ದೆ. ಸೋಮವಾರ ಕಲ್ಲು ಬಿಚ್ಚಿ ಕಟೆಯುತ್ತಾರಂತೆ, ಮಂಗಳವಾರ ನುಚ್ಚು ಬೀಸಿ ತೆಗೆಯುತ್ತಾರೆ. ಆ ಕಡೆ ಹೋಗುವವರು ಬುಧವಾರದ ಮೇಲೆ ಹೋಗಿ. ಪಾಳಿ ಬೇಗ ಸಿಗಬೇಕು ಅಂದರೆ 8 ಗಂಟೆಗೆ ಮೊದಲು ಕಟ್ಟೆ ಮೇಲೆ ಇರಬೇಕು, ಡಬ್ಬಿ ಮೇಲೆ ಹೆಸರು ಬರೆದಿರಿ.